ಗೋಪಮ್ಮ ಹೊತ್ತ ಹರಕೆ

ರಾಯಚೂರು, ೨೯ ಆಗಸ್ಟ್ ೧೯೪೯, ಸೋಮವಾರ

ಮದ್ರಾಸಿನಿಂದ ಬೆಳಿಗ್ಗೆಯ ಗಾಡಿಗೆ ಇಳಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಯಾರಿಗಾದರೂ ಬೈಯಬೇಕು, ಮನೆಯಲ್ಲಿ ಯಾರೂ ಇಲ್ಲ. ಶೇಖಮ್ಮ ಇದ್ದಿದ್ದರೆ ಅವಳಿಗೆ ಬೈಯುತ್ತಿದ್ದೆ, ಅವಳೂ ಎರಡು ಮಾತು ತಿರುಗಿಸಿ ಅಂದು ಚಹಾ ಕೊಡುತ್ತಿದ್ದಳು. ಹೆಂಡತಿ ಸತ್ತ ಮೇಲೆ ಗಂಡಸಿಗೆ ಮೊದಲು ಕಡಿಮೆ ಬೀಳುವುದು ಊಟವಲ್ಲ, ಬೈಸಿಕೊಳ್ಳುವವರು. ಗೋಡೆಗೆ ಬೈದರೆ ಪಕ್ಕದ ಮನೆಯವರು ಹಂಪಯ್ಯನಿಗೆ ತಲೆ ಕೆಟ್ಟಿತು ಅನ್ನುತ್ತಾರೆ. ಅದಕ್ಕೇ ಈ ಪುಸ್ತಕಕ್ಕೆ ಬೈಯುತ್ತೇನೆ.

ಹೋದ ವರ್ಷ ಮಾರ್ಚಿ ತಿಂಗಳಲ್ಲಿ ನನ್ನ ಎದೆ ಸೀಳಿ ಎಡಗಡೆಯ ಪುಪ್ಪುಸವನ್ನು ಕ್ಯಾನ್ಸರ್ ಗಂಟಿನ ಸಮೇತ ಇಡಿಯಾಗಿ ತೆಗೆದ ಬಿಳಿ ದೊರೆ ಡಾಕ್ಟರ, ನಿನ್ನೆ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಸಾರಿ, ಮಿಸ್ಟರ್ ಹಂಪಯ್ಯ. ಇಟ್ ಹ್ಯಾಸ್ ಕಮ್ ಬ್ಯಾಕ್," ಎಂದ. ಹಾಗೆ ಹೇಳಿ ಒಂದು ಸಿಗರೇಟು ಹಚ್ಚಿಕೊಂಡು ಡಬ್ಬಿಯನ್ನು ನನ್ನ ಮುಂದೆ ಹಿಡಿದ. ನಾನೂ ಒಂದು ತೆಗೆದುಕೊಂಡೆ. ಕಫ ಸಡಿಲವಾಗುತ್ತದೆ ಎಂದು ಅವನೇ ಹೇಳಿದ. ಇಬ್ಬರೂ ಸೇದುತ್ತ ಕೂತೆವು. ಎಷ್ಟು ದಿನ ಎಂದು ಕೇಳಿದೆ. ಕ್ರಿಸ್ಮಸ್ ನೋಡಬಹುದು ಎಂದ. ನನಗೆ ಕ್ರಿಸ್ಮಸ್ ಕಟ್ಟಿಕೊಂಡು ಏನು ಮಾಡುವುದಿದೆ?

ಅವನು ಇನ್ನೂ ಒಂದು ಶಬ್ದ ಹೇಳಿದ್ದ, ಗುಂತಕಲ್ಲಿನಲ್ಲಿ ನೆನಪಾಯಿತು. ರಿಕರೆನ್ಸ್, ಅಂದರೆ ಮರುಕಳಿಸುವುದು. ಹೈದರಾಬಾದಿನ ಕಾಲೇಜಿನಲ್ಲಿ ನಾನು ಕೂತ ಎರಡು ವರ್ಷದಲ್ಲಿ ರಿಕರಿಂಗ್ ಡೆಸಿಮಲ್ ಎಂದು ಒಂದು ಕಲಿಸಿದ್ದರು. ಹತ್ತನ್ನು ಮೂರರಿಂದ ಭಾಗಿಸಿದರೆ ಮೂರು, ಮೂರು, ಮೂರು, ಮುಗಿಯುವುದೇ ಇಲ್ಲ. ಬರೆದು ಸಾಕಾಗಿ ಮೇಷ್ಟರು ಮೂರರ ತಲೆಯ ಮೇಲೆ ಒಂದು ಚುಕ್ಕೆ ಇಟ್ಟು ಕೈ ಜಾಡಿಸಿಕೊಳ್ಳುತ್ತಿದ್ದರು. ದೊರೆಯೂ ನನ್ನ ತಲೆಯ ಮೇಲೆ ಒಂದು ಚುಕ್ಕೆ ಇಟ್ಟು ಕಳಿಸಿದ.

ಗುಲಾಮ್ ದಸ್ತಗೀರ್ ಸ್ಟೇಷನ್ನಿಗೆ ಬಂದಿದ್ದ. ಮಾರ್ಕೆಟ್ಟಿನಲ್ಲಿ ಹುಣಸೆಹಣ್ಣು, ಮೆಣಸಿನಕಾಯಿ ವ್ಯಾಪಾರ. ನನ್ನ ಮೂವತ್ತು ವರ್ಷದ ಗೆಳೆಯ. ಕೊಯ್ಯಿಸಿಕೋ, ಬದುಕುತ್ತೀ ಎಂದು ನನ್ನನ್ನು ಒಪ್ಪಿಸಿ ಮದ್ರಾಸಿಗೆ ಕರೆದೊಯ್ದವನು ಅವನೇ. ಪ್ಲಾಟ್‌ಫಾರ್ಮಿನ ಮೇಲೆ ಎಲ್ಲರ ಎದುರಿಗೆ ಅವನಿಗೆ ಬೈದೆ. ನಿನ್ನ ಮಾತು ಕೇಳಿ ಅರ್ಧ ಎದೆ ಕಳೆದುಕೊಂಡೆ, ಉಳಿದರ್ಧವನ್ನೂ ನೀನೇ ತೂಕಕ್ಕೆ ಹಾಕು ಎಂದೆ. ಅವನು ನನ್ನ ಚೀಲ ಹೊತ್ತು ಹಿಂದೆ ಬಂದ. ಟಾಂಗಾದ ಬಾಡಿಗೆಯನ್ನೂ ಅವನೇ ಕೊಟ್ಟ. ಅದಕ್ಕೂ ಸಿಟ್ಟು ಬಂತು.

೩ ಸೆಪ್ಟೆಂಬರ್, ಶನಿವಾರ

ಕೋರ್ಟಿನ ಬಾಗಿಲಲ್ಲಿ ನನ್ನ ಜಾಗಕ್ಕೆ ಹೋಗಿ ಕೂತೆ. ಇಪ್ಪತ್ತೈದು ವರ್ಷ ಅದೇ ಬೇವಿನ ಗಿಡದ ಕೆಳಗೆ ಉರ್ದುವಿನಲ್ಲಿ ಅರ್ಜಿ ಬರೆದವನು ನಾನು. ಹೋದ ವರ್ಷ ಫೌಜು ಬಂದು ನಿಜಾಮ ಸರ್ಕಾರ ಹೋಯಿತಲ್ಲ, ಈಗ ಸಾಹೇಬರಿಗೆಲ್ಲ ಇಂಗ್ಲಿಷ್ ಬೇಕು. ಮರೆತು ಮೂಲೆಗೆ ಹಾಕಿದ್ದ ನನ್ನ ಇಂಗ್ಲಿಷಿಗೆ ಮುದಿಗಾಲದಲ್ಲಿ ಮದುವೆ. "ಐ ಮೋಸ್ಟ್ ಹಂಬ್ಲಿ ಬೆಗ್" ಎಂದು ಶುರು ಮಾಡಿದರೆ ಮುಂದಿನದು ತಾನೇ ಬರುತ್ತದೆ, ಬಾರದಿದ್ದರೆ ಇನ್ನೊಂದು ಸಲ ಹಂಬ್ಲಿ ಅನ್ನುತ್ತೇನೆ. ಈ ಕಾಲ ಬಂದಾಗಲೇ ದನಿ ಒಡೆದು ಹೋಗಿದೆ. ಕಕ್ಷಿದಾರರು ಕಿವಿಯನ್ನು ನನ್ನ ಬಾಯಿಗೆ ತಂದು ಹಿಡಿಯುತ್ತಾರೆ. ಒಬ್ಬ, "ನೀವು ಗಟ್ಟಿ ಅದೀರಿ ಬಿಡ್ರಿ, ಒಂದು ಪುಪ್ಪುಸದಾಗ ಬದುಕಿದ ಗಂಡು," ಎಂದು ಹೊಗಳಿದ. ಅವನ ಅರ್ಜಿಯನ್ನು ಹರಿದು ಕೈಗೆ ಕೊಟ್ಟೆ.

ಮಾನ್ವಿ, ೧೧ ಸೆಪ್ಟೆಂಬರ್, ಭಾನುವಾರ

ದಸ್ತಗೀರ್ ಹೇಳಿಬಿಟ್ಟಿದ್ದಾನೆ. ಮಗಳು ಸೂಗಮ್ಮ ಮಾನ್ವಿಯಿಂದ ಬಂದು, ನನ್ನ ಒಂದು ಮಾತನ್ನೂ ಕೇಳದೆ, ಬಸ್ಸಿಗೆ ಹತ್ತಿಸಿ ತನ್ನ ಮನೆಗೆ ಕರೆತಂದಳು. ಇಲ್ಲಿ ನನಗೆ ಹೊತ್ತು ಹೊತ್ತಿಗೆ ಹಾಲು, ಹೊತ್ತು ಹೊತ್ತಿಗೆ ಮೌನ. ನಾನು ಒಳಗೆ ಬಂದರೆ ಮಾತು ನಿಲ್ಲುತ್ತದೆ. ಅಳಿಯ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ನಾನು ಆಗಲೇ ಫೋಟೋ ಆಗಿ ಗೋಡೆಗೆ ಏರಿದ ಹಾಗೆ. ಸತ್ತವರ ಮುಂದೆ ನಿಂತ ಹಾಗೆ ನಿಲ್ಲಬೇಡ ಮಾರಾಯ ಎಂದೆ. ಕೂತ. ಅದೂ ಸತ್ತವರ ಮುಂದೆ ಕೂತ ಹಾಗೆಯೇ ಇತ್ತು.

ಸೂಗಮ್ಮ ಕುರ್ಡಿಗೆ ಹೋಗುವವರ ಕೈಯಲ್ಲಿ, ಅಲ್ಲಿಂದ ಇನ್ಯಾರದೋ ಕೈಯಲ್ಲಿ, ನನ್ನ ತಂಗಿ ಗೋಪಮ್ಮನಿಗೆ ಮಸರಕಲ್ಲಿಗೆ ಸುದ್ದಿ ಕಳಿಸಿದ್ದಾಳಂತೆ. ಕುರ್ಡಿಯವರ ಬಾಯಿಗೆ ಬಿದ್ದ ಸುದ್ದಿ ಮಸರಕಲ್ ಮುಟ್ಟುವುದರೊಳಗೆ ನಾನು ಸತ್ತು ದಿನಕರ್ಮ ಮುಗಿದಿರುತ್ತದೆ.

೧೪ ಸೆಪ್ಟೆಂಬರ್, ಬುಧವಾರ

ಇಂದಿನದನ್ನು ಸರಿಯಾಗಿ ಬರೆಯಬೇಕು.

ಗೋಪಮ್ಮ ಬಂದಳು. ನನಗಿಂತ ಐದು ವರ್ಷ ಚಿಕ್ಕವಳು, ನಾಲ್ಕಾಳಿನ ಹೊಲಗೆಲಸ ಒಬ್ಬಳೇ ಮಾಡುವ ಹೆಂಗಸು. ಬಂದವಳು ನನ್ನನ್ನು ನೋಡಿ ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಹೊಸ್ತಿಲ ಮೇಲೆ ಕೂತು ತನ್ನ ಎರಡೂ ಗಲ್ಲಕ್ಕೆ ಪಟಪಟ ಬಡಿದುಕೊಂಡಳು.

"ನಿನ್ನ ನಾನ ಕೊಂದೆ ಯಣ್ಣ."

ವಿಷಯ ಇದು. ನಾನು ಮದ್ರಾಸಿನಲ್ಲಿ ಮಂಚದ ಮೇಲೆ ಮಲಗಿದ್ದಾಗ ಇವಳು ಮಸರಕಲ್ಲಿನ ಅಲಾಯಿ ದೇವರಿಗೆ, ಮೊಹರಮ್ಮಿನಲ್ಲಿ ಕೂರಿಸುವ ಪಂಜಾಗಳಿಗೆ, ಹರಕೆ ಹೊತ್ತಿದ್ದಳು. ಅಣ್ಣ ಜೀವಂತ ಮನೆಗೆ ಬಂದರೆ ಬರುವ ಮೊಹರಮ್ಮಿಗೆ ಅವನನ್ನು ಪಕೀರ ಮಾಡಿಸುತ್ತೇನೆ, ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಸಿ ಐದು ಮನೆ ಬೇಡಿಸುತ್ತೇನೆ ಎಂದು. ಹೊತ್ತವಳು ಅವಳು, ತೀರಿಸಬೇಕಾದವನು ನಾನು. ನನ್ನನ್ನು ಯಾರೂ ಕೇಳಿಲ್ಲ. ನಾನು ಬಂದೆ. ಆದರೆ ಹೋದ ವರ್ಷ ನವೆಂಬರಿನಲ್ಲಿ ಮೊಹರಮ್ ಬಂದಾಗ ಮಸರಕಲ್ಲಿನಲ್ಲಿ ಅಲಾಯಿ ದೇವರು ಕೂರಲೇ ಇಲ್ಲ. ಫೌಜು ಬಂದು ಮುಸಲ್ಮಾನರಿಗೆ ಜೀವಭಯ ಹುಟ್ಟಿದ ಆ ದಿನಗಳಲ್ಲಿ ಅಲಾಯಿಯ ಪೂಜಾರಿ, ಮುಜಾವರ ಇಮಾಮಹುಸೇನ, ದೇವರ ಮಕಾನಿಗೆ ಬೀಗ ಹಾಕಿ ಹೆಂಡತಿಯೊಂದಿಗೆ ಊರು ಬಿಟ್ಟಿದ್ದ. ದೇವರು ಪೆಟ್ಟಿಗೆಯಲ್ಲಿ, ಹರಕೆ ಗಾಳಿಯಲ್ಲಿ.

"ದೇವರು ವರ್ಷದ ವಾಯಿದಿ ಕೊಟ್ಟಿತ್ತು," ಎಂದಳು. "ನಾ ತೀರಿಸಲಿಲ್ಲ. ಕೊಟ್ಟದ್ದು ತಿರುಗಿ ತಗೊಂತು."

ನನ್ನ ತಲೆ ಸಿಡಿಯಿತು. ಇದ್ದಷ್ಟು ದನಿಯಲ್ಲಿ ಕೂಗಿದೆ. ಬೇರು ಕೀಳುವಾಗ ಒಂದು ಎಳೆ ಒಳಗೇ ಉಳಿದಿತ್ತು, ಅದು ಚಿಗುರಿದೆ, ಇಷ್ಟೇ. ಇದಕ್ಕೂ ನಿನ್ನ ಲಾಡಿಗೂ ಸಂಬಂಧವಿಲ್ಲ, ಸೈನ್ಸ್ ಎಂದು ಒಂದಿದೆ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡು, "ಆ ಎಳಿ ಉಳಿಸಿದವರು ಯಾರು?" ಎಂದಳು.

ಇನ್ನೂ ಗಟ್ಟಿಯಾಗಿ ಕೂಗಲು ಹೋದೆ. ಕೆಮ್ಮು ಬಂತು, ರಕ್ತ ಬಂತು. ಅವಳು ಅದನ್ನು ತನ್ನ ಸೆರಗಿನಲ್ಲಿ ಹಿಡಿದು ಮತ್ತೆ ಗಲ್ಲಕ್ಕೆ ಬಡಿದುಕೊಂಡಳು.

೧೫ ಸೆಪ್ಟೆಂಬರ್

ಹೋಗು ಎಂದೆ. ಹೋದಳು.

೨೨ ಸೆಪ್ಟೆಂಬರ್, ಗುರುವಾರ

ವಾರವಾಯಿತು, ಆ ಹೆಂಗಸು ನನ್ನ ತಲೆಯಿಂದ ಇಳಿಯುತ್ತಿಲ್ಲ. ಸಾಯುವವನು ನಾನು, ನೋವು ನನ್ನದು, ರಾತ್ರಿ ದಿಂಬು ಒರಗಿಸಿಕೊಂಡು ಕೂತು ಬೆಳಗು ಮಾಡುವವನು ನಾನು. ಇದರಲ್ಲಿ ಅವಳಿಗೆ ಪಾಲು ಕೊಟ್ಟವರು ಯಾರು? ನನ್ನ ಸಾವನ್ನೂ ಕೈಯಿಂದ ಕಿತ್ತುಕೊಂಡು ನಾನೇ ಕೊಂದೆ ಅನ್ನುತ್ತಾಳೆ. ಗಟ್ಟಿಮುಟ್ಟಾದ ಹೆಂಗಸು, ಇನ್ನೂ ಮೂವತ್ತು ವರ್ಷ ಬದುಕುತ್ತಾಳೆ. ಮೂವತ್ತು ವರ್ಷ ಕಸ ಬಳಿಯುವಾಗ, ರೊಟ್ಟಿ ಬಡಿಯುವಾಗ, ಬಾವಿಯ ಹತ್ತಿರ, ಯಾರು ಸಿಕ್ಕರೆ ಅವರಿಗೆ ಇದನ್ನೇ ಹೇಳುತ್ತಾಳೆ. ಕೇಳಿದವರೂ ಹೌದೌದು, ಹರಕೆ ಬಾಕಿ ಇಡಬಾರದು ಅನ್ನುತ್ತಾರೆ. ಯಾರೊಬ್ಬರೂ ಇಲ್ಲ ಅನ್ನುವುದಿಲ್ಲ. ಇಲ್ಲ ಅನ್ನಬೇಕಾದವನು ಮಣ್ಣಿನಲ್ಲಿರುತ್ತಾನೆ.

ವಾದದಿಂದ ಇದು ಆಗುವುದಿಲ್ಲ. ಪ್ರೂಫ್ ಬೇಕು. ಯೂಕ್ಲಿಡ್‌ನ ಲೆಕ್ಕದ ಕೊನೆಗೆ ಕ್ಯು. ಇ. ಡಿ. ಎಂದು ಮೂರಕ್ಷರ ಬರೆಯುತ್ತಿದ್ದೆವು. ಬಿಚ್ಚಿದರೆ ಏನೋ ಲ್ಯಾಟಿನ್, ನೆನಪಿಲ್ಲ. ಇನ್ನು ಬಾಯಿ ಮುಚ್ಚಿರಿ ಎಂದು ಅರ್ಥ.

ಹೀಗೆ: ಹರಕೆಯನ್ನು ತೀರಿಸುವುದು. ಒಂದು ಕೂದಲೆಳೆ ಕಡಿಮೆಯಾಗದ ಹಾಗೆ ತೀರಿಸುವುದು. ತೀರಿಸಿದ ಮೇಲೆ ಸಾಯುವುದು. ಆಗ ಹರಕೆ ಬಾಕಿ ಉಳಿದದ್ದಕ್ಕೆ ಸತ್ತ ಎಂದು ಹೇಗೆ ಅನ್ನುತ್ತಾಳೆ ನೋಡೋಣ.

ಮೊಹರಮ್ ಅಕ್ಟೋಬರ್ ಕೊನೆಗೆ. ಅಲ್ಲಿಯ ತನಕ ಇರಬೇಕು. ಮಧ್ಯದಲ್ಲಿ ಸತ್ತರೆ ಎಲ್ಲ ಕೆಟ್ಟಿತು. ಸೂಗಮ್ಮನಿಗೆ ಹಾಲು ತಾ ಎಂದೆ. ತಾನಾಗಿ ಕೇಳಿದನಲ್ಲ ಎಂದು ಅವಳು ಕಣ್ಣು ಒರೆಸಿಕೊಂಡಳು. ಈ ಮನೆಯಲ್ಲಿ ಹಾಲು ಕೇಳುವ ಹಾಗೂ ಇಲ್ಲ.

ದೇವದುರ್ಗ, ೨ ಅಕ್ಟೋಬರ್, ಭಾನುವಾರ

ದಸ್ತಗೀರನಿಗೆ ಹೇಳಿ ಕಳಿಸಿ ಜೊತೆಗೆ ಕರೆದುಕೊಂಡು ಬಂದೆ. ಅವನ ಮೇಲಿನ ಸಿಟ್ಟು ಹೋಗಿಲ್ಲ, ಚೀಲ ಹೊರಲು ಯಾರಾದರೂ ಬೇಕಲ್ಲ. ಬಸ್ಸಿನಲ್ಲಿ ನನ್ನ ಯೋಜನೆಯನ್ನೆಲ್ಲ ಹೇಳಿದೆ. "ನೀನು ದೇವರನ್ನ ನಂಬೂದಿಲ್ಲ, ಹರಕಿ ತೀರಿಸಾಕ ಹೊಂಟಿ," ಎಂದು ನಕ್ಕ. ನಂಬುವವರಿಗೆ ತೀರಿಸುವುದು ಏನು ದೊಡ್ಡದು ಎಂದೆ.

ಮುಜಾವರ ಇಮಾಮಹುಸೇನ ಇಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದಾನೆ. ಹತ್ತಿ ಹಿಂಜುವ ಕೆಲಸ. ನಾವು ಹೋದಾಗ ಬಿಲ್ಲು ಮೀಟುತ್ತಿದ್ದ, ಕೋಣೆ ತುಂಬ ಅರಳೆ ಹಾರುತ್ತಿತ್ತು. ನಾನು ಬಾಗಿಲಲ್ಲಿ ಕೆಮ್ಮತೊಡಗಿದ್ದೇ ತಡ ಬಿಲ್ಲು ಕೆಳಗಿಟ್ಟು ನನ್ನ ತೋಳು ಹಿಡಿದು ಹೊರಗೆ ಕೂರಿಸಿದ. ನನಗೆ ಅವನ ಒಳ್ಳೆಯತನ ಬೇಕಿರಲಿಲ್ಲ. ಕೆಮ್ಮು ನಿಂತ ಮೇಲೆ ಶುರು ಮಾಡಿದೆ. ದೇವರನ್ನು ಪೆಟ್ಟಿಗೆಯಲ್ಲಿ ಹಾಕಿ ಓಡಿಬಂದು ಇಲ್ಲಿ ಗಾದಿ ತುಂಬುತ್ತಾ ಕೂತಿದ್ದೀಯಲ್ಲ, ನಿನ್ನಿಂದ ನನ್ನ ತಂಗಿ ಗಲ್ಲ ಬಡಿದುಕೊಳ್ಳುತ್ತಿದ್ದಾಳೆ, ವರ್ಷ ಕಳೆಯಿತು, ಯಾಕೆ ತಿರುಗಿ ಹೋಗಲಿಲ್ಲ ಎಂದು. ಅವನು ಗಡ್ಡದಲ್ಲಿ ಸಿಕ್ಕಿದ ಅರಳೆಯನ್ನು ತೆಗೆಯುತ್ತಾ ಕೇಳಿಸಿಕೊಂಡು ಹೇಳಿದ.

"ಹ್ವಾದ ವರ್ಷ ಊರು ಹ್ಯಾಂಗಿತ್ತು ನಿಮಗ ಗೊತ್ತದರಿ. ಹೋಗು ಅಂತ ಯಾರೂ ಅನಲಿಲ್ಲ. ಇರು ಅಂತನೂ ಯಾರೂ ಅನಲಿಲ್ಲ."

ದಸ್ತಗೀರ್ ಅತ್ತ ತಿರುಗಿ ಬೀದಿ ನೋಡಿದ. ಅವನ ಅಂಗಡಿಯ ಬಾಗಿಲೂ ಹೋದ ವರ್ಷ ಬಹಳ ದಿನ ಮುಚ್ಚಿತ್ತು. ನಾನು ಆಗ ಇನ್ನೂ ಮಾಯದ ಎದೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಅವನು ದಿನಾ ಬಂದು ನನ್ನನ್ನು ನೋಡಿಹೋಗುತ್ತಿದ್ದ. ಹೇಗೆ ಬರುತ್ತಿದ್ದ, ಯಾವ ದಾರಿಯಿಂದ ಬರುತ್ತಿದ್ದ, ನಾನು ಕೇಳಿರಲಿಲ್ಲ.

ಅಲಾಯಿ ಕುಣಿಗೆ, ದೇವರ ಮುಂದಿನ ಬೆಂಕಿಯ ಗುಂಡಿಗೆ, ಗುದ್ದಲಿ ಹಾಕಬೇಕಾದರೆ ಊರಿನ ವೀಳ್ಯ ಮುಜಾವರನಿಗೆ ಬರಬೇಕು, ಅದು ಅವರ ಅಜ್ಜನ ಕಾಲದ ಪದ್ಧತಿ. ಹೋದ ವರ್ಷ ಎಲೆ ಅಡಿಕೆ ಬಂದೀತು ಎಂದು ಇವನು ದೇವದುರ್ಗದಲ್ಲಿ ಕಾದ. ಬರಲಿಲ್ಲ. ಬೇಡವಾಗಿದ್ದೇನೆ ಅಂದುಕೊಂಡ. ನಾಳೆ ಮಸರಕಲ್ಲಿಗೆ ಹೋಗಿ ವೀಳ್ಯ ಕಳಿಸಬೇಕಾಗಿದ್ದ ಆ ಊರ ಗೌಡನಿಗೆ ನಾಲ್ಕು ಮಾತು ಆಡದಿದ್ದರೆ ನನ್ನ ಹೆಸರು ಹಂಪಯ್ಯನಲ್ಲ.

ಮಸರಕಲ್, ೪ ಅಕ್ಟೋಬರ್, ಮಂಗಳವಾರ

ಆಡಿದೆ. ಚಾವಡಿಯಲ್ಲಿ ಹಿರಿಯರೆಲ್ಲ ಸೇರಿದ್ದರು. ದನಿ ಇಲ್ಲದವನ ಬೈಗಳದಲ್ಲಿ ಒಂದು ಲಾಭವಿದೆ. ಕೇಳಿಸಿಕೊಳ್ಳಲು ಎಲ್ಲರೂ ಹತ್ತಿರ ಸರಿದು ಕೂರಬೇಕಾಗುತ್ತದೆ. ಕೊನೆಗೆ ಗೌಡರು ನನ್ನ ಮೂಗಿಗೆ ಮೂಗು ತಾಗಿಸಿ ಬೈಸಿಕೊಂಡರು.

ಅವರು ಹೇಳಿದ್ದು ಕೇಳಿದರೆ ಮೈ ಉರಿಯುತ್ತದೆ. ಬೀಗದ ಕೈ ಅವನ ಹತ್ತಿರ, ದೇವರು ಅವನ ಹತ್ತಿರ, ಬರುವುದಿದ್ದರೆ ಬರುತ್ತಿದ್ದ. ಬರಲಿಲ್ಲ ಅಂದರೆ ನಮ್ಮ ಮೇಲೆ ಮುನಿಸು, ಮುನಿದವನಿಗೆ ವೀಳ್ಯ ಕಳಿಸಿ ತಿರುಗಿಬಂದರೆ ಊರ ಮಾನ ಹೋಗುತ್ತದೆ ಎಂದು ಇವರು ಕಾದರಂತೆ. ಅವನು ಎಲೆಗೆ ಕಾದ, ಇವರು ಅವನಿಗೆ ಕಾದರು. ಮಧ್ಯದಲ್ಲಿ ನನ್ನ ತಂಗಿ ಕೊಲೆಗಾತಿ ಆದಳು. ಎರಡು ಎಲೆ, ಒಂದು ಅಡಿಕೆ. ಇಷ್ಟೇ ಬೇಕಾಗಿದ್ದದ್ದು. ಈಡಿಯೆಟ್ಸ್ ಎಂದೆ. ಅರ್ಥವಾಗಲಿಲ್ಲ, ಆದರೆ ತಲೆ ತಗ್ಗಿಸಿದರು.

ವೀಳ್ಯವನ್ನು ದಸ್ತಗೀರನ ಕೈಯಲ್ಲಿ ಕೊಡುತ್ತೇವೆ ಅಂದರು. ನಾನು ಬಿಡಲಿಲ್ಲ. ಊರವರೇ ಹೋಗಿ ಕೊಡಬೇಕು, ಇಲ್ಲದಿದ್ದರೆ ಅದು ಕಡಿಮೆ ಬಿದ್ದ ಹಾಗೆ. ಗೌಡರ ತಮ್ಮ ಹೋದ.

ಗೋಪಮ್ಮನ ಮನೆಯಲ್ಲಿ ಇಳಿದಿದ್ದೇನೆ. ಪಕೀರ ಆಗುತ್ತೇನೆ ಅಂದಾಗ ಅವಳ ಮುಖ ಅರಳಿತು. ಈಗ ವಾಸಿಯಾಗುತ್ತೇನೆ ಅಂದುಕೊಂಡಿದ್ದಾಳೆ. ವಾಸಿ ಆಗುವುದಿಲ್ಲ ಗೋಪಿ ಎಂದೆ. "ಅದು ನಿನಗೇನು ಗೊತ್ತದ," ಎಂದಳು.

ಮಸರಕಲ್, ೨೪ ಅಕ್ಟೋಬರ್, ಸೋಮವಾರ

ಬದುಕಿದ್ದೇನೆ. ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿದೆ, ನುಂಗಲು ಕಷ್ಟ. ಇಮಾಮಹುಸೇನ, ಅವನ ಹೆಂಡತಿ ಹೀರಾಬಿ ಬಂದು ಮನೆ ತೆರೆದು ಸುಣ್ಣ ಬಳಿದಿದ್ದಾರೆ. ಇಂದು ಕುಣಿಗೆ ಗುದ್ದಲಿ ಬಿತ್ತು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಕುಣಿ ಹೋದ ಸಲಕ್ಕಿಂತ ಸಣ್ಣದಾಯಿತು ಎಂದು ಒಬ್ಬ ಅಂದ. ಅಗಲ ಮಾಡಿ ಎಂದು ಹೇಳಿಸಿದೆ.

೨೮ ಅಕ್ಟೋಬರ್, ಶುಕ್ರವಾರ

ಇಂದು ಪಕೀರನಾದೆ.

ತಣ್ಣೀರು ಸ್ನಾನ. ಗೋಪಮ್ಮ ಬಿಸಿನೀರು ಕಾಯಿಸಿದ್ದಳು, ಬೇಡ ಎಂದೆ. ಮುಂದೆ ಯಾವತ್ತೋ ಒಂದು ದಿನ ಬಿಸಿನೀರು ಹಾಕಿದ್ದಕ್ಕೇ ಹೀಗಾಯಿತು ಅನ್ನಲು ಅವಳಿಗೆ ದಾರಿ ಬೇಡ. ಇಮಾಮಹುಸೇನ ಕೆಂಪು ಲಾಡಿ ಕೊರಳಿಗೆ ಹಾಕಿ, ಹಣೆಗೆ ಊದಿನ ಬೂದಿ ಹಚ್ಚಿ, ಹೆಗಲಿಗೆ ಜೋಳಿಗೆ ಕೊಟ್ಟ. ಕುತ್ತಿಗೆಯ ಗಂಟಿನ ಮೇಲೆ ಲಾಡಿ ಬಂದಾಗ ಅವನ ಬೆರಳು ಒಂದು ಕ್ಷಣ ನಿಂತಿತು. ಸಡಿಲ ಮಾಡಲಾ ಎಂದು ಕಣ್ಣಲ್ಲೇ ಕೇಳಿದ. ಎಲ್ಲರಿಗೆ ಹೇಗೋ ಹಾಗೆ ಕಟ್ಟು ಎಂದೆ.

ಪಕೀರ ಮಂಚದ ಮೇಲೆ ಮಲಗಬಾರದು, ಕಾಲಿಗೆ ಚಪ್ಪಲಿ ಮೆಟ್ಟಬಾರದು, ಬಾಯಿಗೆ ಹೊಗೆ ತಾಗಿಸಬಾರದು. ಜಡ್ಡಿನವನಿಗೆ ಇದೆಲ್ಲ ಮಾಫಿ ಎಂದು ಇಮಾಮಹುಸೇನ ಅಂದ. ಗೌಡರೂ ಅಂದರು. ಮಾಫಿ ಕೊಡಲು ನೀವು ಯಾರು ಎಂದು ಇಬ್ಬರಿಗೂ ಕೇಳಿದೆ. ದೇವರ ವಿಷಯದಲ್ಲಿ ಇಷ್ಟು ಸಡಿಲ ಆದರೆ ಹೇಗೆ? ಸಿಗರೇಟಿನ ಡಬ್ಬಿಯನ್ನು ದಸ್ತಗೀರನಿಗೆ ಎಸೆದೆ.

ಒಂದು ವಿಷಯ ಆಮೇಲೆ ಗಮನಿಸಿದೆ. ಅವನು ಇನ್ನೂ ಇಲ್ಲೇ ಇದ್ದಾನೆ. ಅಂಗಡಿಯಲ್ಲಿ ಯಾರು ಕೂತಿದ್ದಾರೋ, ಕೇಳಬೇಕು.

೩೦ ಅಕ್ಟೋಬರ್, ಭಾನುವಾರ

ಹೊಗೆ ಬಿಟ್ಟು ಮೂರನೆಯ ದಿನ, ಕೆಮ್ಮು ಸ್ವಲ್ಪ ಹಗುರ. ಹವಾ ಬದಲಾದದ್ದಕ್ಕೆ ಇರಬೇಕು.

ಬೆಳಿಗ್ಗೆ ಬೇಡಲು ಹೊರಟೆ. ಅರ್ಜಿಗಳಲ್ಲಿ ಸಾವಿರ ಸಲ ಐ ಬೆಗ್ ಎಂದು ಬರೆದಿದ್ದೇನೆ. ನಿಜವಾಗಿ ಒಬ್ಬರ ಬಾಗಿಲಲ್ಲಿ ನಿಂತು ಬೇಡಿದ್ದು ಇದೇ ಮೊದಲು. ಪಕೀರ ಬಂದಾನ ನೀಡ್ರಿ ಎಂದು ಕೂಗಬೇಕು. ನನ್ನ ಕೂಗು ನನಗೇ ಕೇಳಿಸುವುದಿಲ್ಲ. ಮೊದಲ ಮನೆಯಲ್ಲಿ ಹೆಂಗಸು ಒಳಗೆ ಬೀಸುತ್ತಿದ್ದಳು, ಅವಳ ಬೀಸುಕಲ್ಲು ನಿಲ್ಲುವ ತನಕ ಹೊಸ್ತಿಲಿನ ಹೊರಗೆ ನಿಂತೆ. ಕೊನೆಗೆ ದಸ್ತಗೀರ್ ನನ್ನ ಹಿಂದೆ ನಿಂತು ಮೆಣಸಿನಕಾಯಿ ಹರಾಜು ಕೂಗಿದ ದನಿಯಲ್ಲಿ ಕೂಗಿದ, ಇಡೀ ಓಣಿಯ ಬಾಗಿಲುಗಳು ತೆರೆದವು. ಪಕೀರ ತಾನೇ ಕೂಗಬೇಕು, ನೀನಲ್ಲ ಎಂದು ಅವನಿಗೆ ಬೈದೆ. ಪಕೀರ ನಿಂತಿದ್ದರೆ ಸಾಕು, ಯಾರು ಕೂಗಿದರೂ ನಡೆಯುತ್ತದೆ ಎಂದು ಇಮಾಮಹುಸೇನನಿಂದ ಹೇಳಿಸಿದ ಮೇಲೆ ಸಮಾಧಾನವಾಯಿತು.

ನಾಲ್ಕು ಮನೆ ಆಯಿತು. ಆ ನಾಲ್ಕನೆಯ ಬಾಗಿಲಲ್ಲಿ ಉಸಿರು ಸಿಗಲಿಲ್ಲ. ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಗೋಪಮ್ಮ ಓಡಿಬಂದು ತಲೆ ಹಿಡಿದುಕೊಂಡಳು.

"ಸಾಕು ಯಣ್ಣ. ನಾಕಾದ್ರೂ ದೇವರು ಒಪ್ಪತಾನ. ನಾ ಒಪ್ಪೀನಿ."

ಈಗ ಒಪ್ಪುತ್ತಾಳೆ. ನಾನು ಹೋದ ಮೇಲೆ, ಯಾವುದೋ ಮಧ್ಯಾಹ್ನ, ಕಳೆ ಕೀಳುತ್ತಾ ಕೀಳುತ್ತಾ ಕೈ ನಿಂತು, ಅಯ್ಯೋ ಐದನೆಯ ಮನೆ ಎಂದುಕೊಳ್ಳುತ್ತಾಳೆ. ನನಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು, ಅವಳ ಕೈಯಲ್ಲಿನ ಕಳೆ ತೆಗೆಯುವ ಕುರ್ಚಿಗಿ ಸಮೇತ. ಐದು ಅಂದರೆ ಐದು ಎಂದೆ. ಎದ್ದೆ. ದಸ್ತಗೀರ್ ಒಂದು ಕಡೆ, ಗೋಪಮ್ಮ ಒಂದು ಕಡೆ. ಕಲ್ಲು ಸಿಕ್ಕಲ್ಲಿ ಕೂತು, ಎದ್ದು, ಕೂತು.

ಎಲ್ಲಕ್ಕಿಂತ ಹತ್ತಿರ ಇದ್ದದ್ದು ಇಮಾಮಹುಸೇನನ ಮನೆಯೇ. ಹೀರಾಬಿ ಬಾಗಿಲಿಗೆ ಬಂದು ಕೈ ಹಿಸುಕಿಕೊಂಡಳು. ಮುಜಾವರ ಮನೆಯಿಂದ ಪಕೀರನಿಗೆ ನೀಡಬಹುದೋ ಇಲ್ಲವೋ ಅವಳಿಗೆ ಗೊತ್ತಿಲ್ಲ, ನೀಡಲು ಮನೆಯಲ್ಲಿ ಹೆಚ್ಚೇನೂ ಇಲ್ಲ. ನನಗೂ ಸಂಶಯ ಬಂತು. ಇದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಈಗಲೇ ಹೇಳು, ಆಮೇಲೆ ತಕರಾರು ಬೇಡ ಎಂದು ಇಮಾಮಹುಸೇನನನ್ನು ಹಿಡಿದು ಕೇಳಿದೆ.

"ಬಾಗಿಲು ತೆರದಿದ್ದ ಮನಿ ಎಲ್ಲಾ ಮನಿನರಿ," ಎಂದ.

ಹೀರಾಬಿ ಒಂದು ಹಿಡಿ ಜೋಳದ ಹಿಟ್ಟು, ಮೇಲೊಂದು ಬೆಲ್ಲದ ಚೂರು ಜೋಳಿಗೆಗೆ ಹಾಕಿದಳು. ಐದು ಮನೆಯ ಹಿಟ್ಟು ಬೆಲ್ಲ ಕೂಡಿಸಿ ಗೋಪಮ್ಮ ಮಲೀದಿ ಮಾಡಿದಳು, ದೇವರ ಮುಂದೆ ಫಾತಿಹಾ ಓದಿಸಿ ಎಲ್ಲರಿಗೂ ಹಂಚಿದೆವು. ನನ್ನ ಗಂಟಲಲ್ಲಿ ಒಂದಷ್ಟು ಇಳಿಯಿತು. ರುಚಿ ಇತ್ತು.

೩ ನವೆಂಬರ್, ಗುರುವಾರ

ನಿನ್ನೆ ದೇವರು ಹೊಳೆಗೆ ಹೋದವು. ಹೋಗುವಾಗ ಗಂಡಸರು ಹೆಂಗಸರು ಎದೆ ಬಡಿದುಕೊಂಡು ಅತ್ತರು. ನನ್ನ ಕಣ್ಣಲ್ಲೂ ನೀರು ಬಂತು. ಲೋಬಾನದ ಹೊಗೆ ಬಹಳ ಇತ್ತು. ಲಾಡಿ ಬಿಚ್ಚಿದರು. ಹರಕೆ ತೀರಿತು. ಇನ್ನು ನನ್ನ ಕೆಲಸ ಒಂದೇ ಬಾಕಿ.

ಸೂಗಮ್ಮ ಮಾನ್ವಿಗೆ ಕರೆಯಲು ಬಂದಿದ್ದಳು. ಇಲ್ಲೇ ಇರುತ್ತೇನೆ, ನೀನೂ ನಾಲ್ಕು ದಿನ ಇರು ಎಂದೆ. ಇದ್ದಾಳೆ. ಕಾಲು ಒತ್ತುತ್ತಾಳೆ, ಚೆನ್ನಾಗಿ ಒತ್ತುತ್ತಾಳೆ, ಅವಳ ತಾಯಿಯ ಕೈ.

ದಸ್ತಗೀರ್ ಸಿಗರೇಟಿನ ಡಬ್ಬಿ ತಂದುಕೊಟ್ಟ. ಒಂದು ಹಚ್ಚಿದೆ. ಸೇರಲಿಲ್ಲ.

೧೨ ನವೆಂಬರ್

ನುಂಗಲು ಆಗುತ್ತಿಲ್ಲ. ಗಂಜಿ ಮಾತ್ರ. ಗೋಪಮ್ಮ ದಿನಾ ಬೆಳಿಗ್ಗೆ ನನ್ನ ಮುಖ ನೋಡುತ್ತಾಳೆ, ಬಿತ್ತಿದ ಹೊಲ ನೋಡಿದ ಹಾಗೆ.

೧೭ ನವೆಂಬರ್

ರಕ್ತ. ಬರೆಯಲಾರೆ.

೨೩ ನವೆಂಬರ್, ಬುಧವಾರ

ಇಂದು ಸ್ವಲ್ಪ ಉಸಿರಿದೆ. ಬರೆದುಬಿಡುತ್ತೇನೆ.

ಬೆಳಿಗ್ಗೆ ಗೋಪಮ್ಮ ಗಂಜಿ ತಂದು ಮುಂದೆ ಕೂತಳು. ಬಟ್ಟಲು ಕೊಡಲಿಲ್ಲ, ಕೈಯಲ್ಲೇ ಹಿಡಿದಿದ್ದಳು.

"ಯಣ್ಣ, ಏನಾರ ಕಮ್ಮಿ ಬಿತ್ತೇನು?"

ಏನೂ ಕಡಿಮೆ ಬಿದ್ದಿಲ್ಲ ಎಂದೆ. ಅವಳು ನಂಬದೆ ಒಂದೊಂದನ್ನೇ ಕೇಳಿದಳು, ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ. ಸ್ನಾನ? ತಣ್ಣೀರು. ಹಾಸಿಗೆ? ನೆಲ. ನಾನು ನೋಡದಾಗ ಕಾಲಿಗೆ ಮೆಟ್ಟಿದ್ದಿಯಾ? ಇಲ್ಲ. ಕದ್ದು ಸೇದಿದ್ದಿಯಾ? ಇಲ್ಲವೇ ಇಲ್ಲ. ಮಲೀದಿಯ ಬೆಲ್ಲ ಎಂಜಲಾಗಿತ್ತಾ? ನೀನೇ ಕುಟ್ಟಿದ್ದಿ. ಐದು ಮನೆ? ಐದು, ನೀನೇ ಹಿಡಿದುಕೊಂಡು ನಡೆಸಿದಿ. ಮನಸ್ಸಿನಲ್ಲಿ ಬೈಕೊಂಡು ಮಾಡಿದ್ದಿಯಾ ಎಂದು ಕೊನೆಗೆ ಕೇಳಿದಳು. ಬಾಯಿಯಲ್ಲೇ ಬೈಕೊಂಡು ಮಾಡಿದ್ದೆ, ಆದರೆ ಎಲ್ಲರಿಗೂ ಬೈದಿದ್ದೆ, ಆ ದೇವರೊಬ್ಬನಿಗೆ ಬೈದ ನೆನಪಿಲ್ಲ. ಹಾಗೆಯೇ ಹೇಳಿದೆ. ಅವಳು ತಲೆ ಆಡಿಸಿದಳು, ಅದು ನಿಜ ಎಂದು ಅವಳಿಗೂ ಗೊತ್ತು.

ಆಮೇಲೆ ಗಂಜಿಯ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ತೆಗೆದಳು.

"ಮತ್ತ ಯಾಕ ಹಿಂಗಾತು?"

ಎರಡು ತಿಂಗಳಿನಿಂದ ಈ ಪ್ರಶ್ನೆಗೇ ಕಾದಿದ್ದೆ. ಉತ್ತರವನ್ನು ಹೊಂದಿಸಿಯೂ ಇಟ್ಟಿದ್ದೆ. ದೊರೆ ಹೇಳಿದ್ದು, ಬೇರಿನ ಎಳೆ, ಕೊನೆಗೆ ಆ ಮೂರಕ್ಷರ. ಅದೆಲ್ಲ ಬಿಟ್ಟೆ. ನಿನ್ನಿಂದ ಅಲ್ಲ ಗೋಪಿ ಎಂದಷ್ಟೇ ಅಂದೆ.

"ನನ್ನಿಂದ ಅಲ್ಲ," ಎಂದಳು. ಹೇಳಿ ನೋಡಿದಳು ಅಷ್ಟೇ, ಹೊಸ ಬಳೆ ಕೈಗೆ ಏರಿಸಿ ನೋಡಿದ ಹಾಗೆ. ಆಮೇಲೆ ಬಟ್ಟಲು ನನ್ನ ಮುಂದೆ ಕುಕ್ಕಿ ಎದ್ದಳು. ಅಂಗಳಕ್ಕೆ ಹೋಗಿ, ದೇವರ ಮಕಾನು ಇರುವ ದಿಕ್ಕಿಗೆ ತಿರುಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಏನಪಾ, ನಿನಗ ಏನು ಕಮ್ಮಿ ಮಾಡಿದ್ವಿ? ಉಸಿರಿಲ್ಲದ ಮನಷ್ಯಾ ಐದು ಮನಿ ತಿರುಗಿ ಬಂದ. ಉಂಡಿ. ಉಂಡು ಸುಮ್ನ ಹೊಳಿಗೆ ಹ್ವಾದಿ. ಹಿಂಗ ಮಾಡ್ತಾರೇನು ಯಾರಾರ?"

ಓಣಿಯವರು ಬಾಗಿಲಿಗೆ ಬಂದರು. ಇಮಾಮಹುಸೇನನೂ ಬಂದು ದೂರ ನಿಂತ, ತಲೆ ತಗ್ಗಿಸಿಕೊಂಡು, ಬೈಗಳ ತನಗೇ ಬಿದ್ದ ಹಾಗೆ. ಅವಳು ನಿಲ್ಲಿಸಲಿಲ್ಲ. ದೊಡ್ಡ ದನಿ, ನಮ್ಮ ಅಪ್ಪನ ದನಿ. ಹೊಲದಾಚೆ ತನಕ ಕೇಳುತ್ತದೆ.

ನನಗೆ ಅದು ಸರಿ ಕಾಣಲಿಲ್ಲ. ಗೋಡೆ ಹಿಡಿದು ಬಾಗಿಲ ತನಕ ಹೋದೆ.

"ಅವಗ ಬೈಬ್ಯಾಡ ಗೋಪಿ," ಎಂದೆ. "ಅಲಾಯಿ ಪದ ಹಾಡಿದ್ದು ಕೇಳಿಲ್ಲೇನು. ಯುದ್ಧದಾಗ ನೀರು ನೀರು ಅಂತ ಅವನ ಮಕ್ಕಳು ಅವನ ಕಣ್ಣ ಮುಂದ ಸತ್ತು ಹ್ವಾದವು. ತನ್ನವರನ್ನ ಉಳಿಸಿಕೊಳ್ಳಾಕ ಆಗಲಿಲ್ಲ ಅವಗ, ನನ್ನ ಹ್ಯಾಂಗ ಉಳಿಸತಾನ?"

ಅವಳು ತಿರುಗಿ ನೋಡಿದಳು. ಕಣ್ಣು ಕೆಂಡ.

"ನೀ ಸುಮ್ನ ಒಳಗ ಹೋಗು ಯಣ್ಣ. ನಿನ್ನ ಪರವಾಗಿ ಬೈಯಾಕತ್ತೀನಿ, ನಡುವ ಬರಬ್ಯಾಡ."

ಒಳಗೆ ಬಂದು ಕೂತೆ. ಅವಳು ಮತ್ತೆ ಶುರು ಮಾಡಿದಳು. ಅದನ್ನು ಕೇಳುತ್ತಾ ಗಂಜಿ ಕುಡಿದೆ. ಇಂದು ಪೂರ್ತಿ ಇಳಿಯಿತು.